ಪದ ಪರಿಚಯ: ‘ಅಲೈನ್‌ಮೆಂಟ್ ಔಟ್’ ಅಂದರೆ ಏನಾಗಿರುತ್ತದೆ?

ಕಾರಿನ ಚಕ್ರ ಫುಟ್‌ಪಾತ್ ಕಲ್ಲಿಗೋ ಡಿವೈಡರ್‌ಗೋ ಗುದ್ದಿದ ಮೇಲೆ ಎಲ್ಲರೂ ಹೇಳುವ ಮಾತು ಒಂದೇ. "ಅಲೈನ್‌ಮೆಂಟ್ ಔಟ್ ಆಗಿರುತ್ತೆ, ಒಂದ್ಸಲ ಮಾಡಿಸಿಬಿಡಿ." ಜ್ವರ ಬಂದವರ ಹಣೆ ಮುಟ್ಟಿ "ಮೈ ಬಿಸಿ ಇದೆ" ಅಂದ ಹಾಗೆ ಇದು. ಮಾತು ಸರಿಯೇ. ಆದರೆ ಯಾಕೆ ಬಿಸಿ ಅನ್ನುವುದು ಅದರಲ್ಲಿ ಇಲ್ಲ.

ಈ ಪದದ ಒಳಗೆ ಇರುವುದು ‘ಲೈನ್’. ಅದರ ಬೇರು ಲ್ಯಾಟಿನ್‌ನ ‘ಲಿನಿಯಾ’, ಅಂದರೆ ಅಗಸೆ ನಾರಿನ ದಾರ. ಗಾರೆ ಕೆಲಸದವರು ಗೋಡೆ ಎತ್ತುವಾಗ ದಾರ ಕಟ್ಟಿ ನೋಡುತ್ತಾರಲ್ಲ, ಅದೇ ಲೆಕ್ಕ. ಮೆಷಿನ್ ಇಲ್ಲದ ಕಡೆ ಹಳೇ ಮೆಕ್ಯಾನಿಕ್‌ಗಳು ಕಾರಿನ ಪಕ್ಕದಲ್ಲಿ ಉದ್ದಕ್ಕೆ ದಾರ ಎಳೆದು, ಟಯರಿಗೂ ದಾರಕ್ಕೂ ಎಷ್ಟು ಸಂದು ಇದೆ ಅಂತ ಅಳೆಯುತ್ತಿದ್ದರು. ಈಗ ಆ ದಾರದ ಜಾಗಕ್ಕೆ ಕ್ಯಾಮೆರಾ ಬಂದಿದೆ, ಅಷ್ಟೇ. ನಾಲ್ಕು ಚಕ್ರಗಳೂ ಕಂಪನಿ ಹೇಳಿದ ಕೋನದಲ್ಲಿ ನಿಂತಿವೆಯಾ ಅಂತ ಅಳೆದು, ತಿರುಗಿಸಲು ಬರುವುದನ್ನು ತಿರುಗಿಸಿ ಸರಿ ಮಾಡುವುದೇ ಅಲೈನ್‌ಮೆಂಟ್.

ಕೋನಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಟೋ, ಅಂದರೆ ಕಾಲ್ಬೆರಳು. ನಿಂತುಕೊಂಡು ನಿಮ್ಮ ಪಾದಗಳನ್ನೇ ನೋಡಿ. ಎರಡೂ ಹೆಬ್ಬೆರಳು ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್. ಟಯರನ್ನು ಅತಿ ಬೇಗ ತಿಂದುಹಾಕುವುದು ಇದೇ. ಒಂದು ಚಕ್ರ ತಾನು ಓಡುವ ದಾರಿಗೆ ಬರೀ ಅರ್ಧ ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ. ಕಿಲೋಮೀಟರಿಗೆ ಸುಮಾರು 9 ಮೀಟರ್ ಅದು ಪಕ್ಕಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಬೆಂಗಳೂರಿನಿಂದ ಮೈಸೂರು ಸುಮಾರು 145 ಕಿಲೋಮೀಟರ್ ಅಲ್ವಾ? ಅಷ್ಟು ದೂರ ಹೋಗುವಷ್ಟರಲ್ಲಿ ಆ ರಬ್ಬರನ್ನು ಒಂದೂಕಾಲು ಕಿಲೋಮೀಟರ್ ಅಡ್ಡಡ್ಡ ಎಳೆದ ಲೆಕ್ಕ. ಟಯರ್ ಮೇಲೆ ಅಡ್ಡಕ್ಕೆ ಕೈ ಆಡಿಸಿದರೆ ಇದು ಗೊತ್ತಾಗುತ್ತದೆ: ಒಂದು ದಿಕ್ಕಿಗೆ ನುಣ್ಣಗೆ ಜಾರುತ್ತದೆ, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಗಲುತ್ತದೆ.

ಎರಡನೆಯದು ಕ್ಯಾಂಬರ್. ಕಾರಿನ ಎದುರು ಕೂತು ನೋಡಿದಾಗ ಚಕ್ರದ ತಲೆ ಒಳಕ್ಕೆ ಬಾಗಿದೆಯಾ, ಹೊರಕ್ಕೆ ಬಾಗಿದೆಯಾ ಅನ್ನುವುದು. ಒಳಕ್ಕಿದ್ದರೆ ಮೈನಸ್, ಹೊರಕ್ಕಿದ್ದರೆ ಪ್ಲಸ್. ಇದು ಕೆಟ್ಟರೆ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದ ಹಾಗೆ ಟಯರಿನ ಒಂದೇ ಅಂಚು ಸವೆಯುತ್ತದೆ. ಮೂರನೆಯದು ಕ್ಯಾಸ್ಟರ್, ಪಕ್ಕದಿಂದ ನೋಡಬೇಕಾದದ್ದು. ಚಕ್ರ ಯಾವ ಅಚ್ಚಿನ ಮೇಲೆ ಎಡಬಲ ತಿರುಗುತ್ತದೋ ಆ ಅಚ್ಚಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರುತ್ತದಲ್ಲ, ಅದರಲ್ಲಿ ಈ ವಾಲುವಿಕೆಯ ಪಾಲು ದೊಡ್ಡದು.

ಈಗ ಕಲ್ಲಿನ ವಿಷಯ. ಸಾಮಾನ್ಯ ಸಣ್ಣ ಕಾರುಗಳಲ್ಲಿ ಗ್ಯಾರೇಜಿನವರು ತಿರುಗಿಸಿ ಸರಿ ಮಾಡಬಹುದಾದದ್ದು ಮುಂದಿನ ಚಕ್ರಗಳ ಟೋ ಒಂದೇ. ಅದೂ ಟೈ ರಾಡ್‌ನ, ಅಂದರೆ ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ, ಥ್ರೆಡ್ ತಿರುಗಿಸಿ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಕಾರು ಕಟ್ಟುವಾಗಲೇ ಕೂತ ಅಳತೆಗಳು. ಹಾಗಾದರೆ ಕಲ್ಲಿಗೆ ಗುದ್ದಿದ ಮೇಲೆ ಕ್ಯಾಂಬರ್ ಬದಲಾಗಿದೆ ಅಂದರೆ ಅರ್ಥ ಏನು? ಏನೋ ಬಗ್ಗಿದೆ, ಇಲ್ಲವೇ ಜಾಗ ಬಿಟ್ಟು ಸರಿದಿದೆ. ಇದನ್ನು ನಾನು ಕಲಿತದ್ದು ಒಂದು ಜೊತೆ ಟಯರ್ ಕಳೆದುಕೊಂಡ ಮೇಲೆ.

ಮಳೆ ರಾತ್ರಿ, ರಸ್ತೆ ತುಂಬಾ ನೀರು, ಫುಟ್‌ಪಾತ್ ಎಲ್ಲಿ ಶುರುವಾಗುತ್ತದೆ ಅಂತಲೇ ಕಾಣುತ್ತಿರಲಿಲ್ಲ. ಎಡಕ್ಕೆ ತಿರುಗುವಾಗ ಮುಂದಿನ ಎಡ ಚಕ್ರ ಧಡ್ ಅಂತ ಕಲ್ಲಿಗೆ ಬಡಿಯಿತು. ಬೆಳಿಗ್ಗೆ ನೋಡಿದರೆ ಕಾರು ನೇರ ಹೋಗಬೇಕಾದರೆ ಸ್ಟೇರಿಂಗ್ ಒಂದು ಕಡೆ ವಾಲಿಸಿ ಹಿಡಿಯಬೇಕು, ಬಿಟ್ಟರೆ ಎಡಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ. ಸ್ಟೇರಿಂಗ್ ನೇರ ಆಯಿತು. ಎಳೆಯುವುದು ಮಾತ್ರ ಸ್ವಲ್ಪ ಉಳಿಯಿತು. ಮೆಷಿನ್ ಕೊಟ್ಟ ಅಳತೆಯ ಪ್ರಿಂಟ್‌ನಲ್ಲಿ ಟೋ ಎಲ್ಲ ಹಸಿರು, ಅಂದರೆ ಸರಿ; ಎಡ ಕ್ಯಾಂಬರ್ ಕೆಂಪು, ಅಂದರೆ ತಪ್ಪು. ಕೇಳಿದರೆ, "ಅದು ಅಡ್ಜಸ್ಟ್ ಆಗಲ್ಲ ಸರ್, ಪರವಾಗಿಲ್ಲ" ಅಂದರು. ಮೊದಲರ್ಧ ಪೂರ್ತಿ ನಿಜ. ಪರವಾಗಿಲ್ಲ ಅಂದದ್ದೇ ತಪ್ಪು. ಅಡ್ಜಸ್ಟ್ ಆಗದ ಅಳತೆ ಸುಮ್ನೆ ಬದಲಾಗುವುದಿಲ್ಲ.

ನಾಲ್ಕು ತಿಂಗಳಲ್ಲಿ ಎಡ ಟಯರಿನ ಹೊರ ಅಂಚು ಬೋಳು. ಇನ್ನೊಬ್ಬ ಮೆಕ್ಯಾನಿಕ್ ಮೆಷಿನ್ ಹತ್ತಿರ ಹೋಗುವ ಮುಂಚೆ ಟಾರ್ಚ್ ಹಿಡಿದು ಕಾರಿನ ಕೆಳಗೆ ನುಗ್ಗಿದರು. ಟೈ ರಾಡ್‌ನಲ್ಲಿ ಕಾಣುವ ಥ್ರೆಡ್‌ಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದರು. ಬಲಗಡೆ 11, ಎಡಗಡೆ 6. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕಾದದ್ದು. ಅಂದರೆ ಬಗ್ಗಿದ್ದನ್ನು ಹಾಗೇ ಬಿಟ್ಟು, ಟೈ ರಾಡ್ ತಿರುಗಿಸಿ ಟೋ ಒಂದನ್ನು ಸರಿದೂಗಿಸಿದ್ದರು. ಬಗ್ಗಿದ್ದು ಲೋವರ್ ಆರ್ಮ್, ಚಕ್ರದ ಬುಡವನ್ನು ಕೆಳಗಿನಿಂದ ಹಿಡಿದಿರುವ ಕಬ್ಬಿಣದ ತೋಳು. ಕಲ್ಲು ಆ ಬುಡವನ್ನು ಒಳಕ್ಕೂ ಸ್ವಲ್ಪ ಹಿಂದಕ್ಕೂ ತಳ್ಳಿತ್ತು. ಬುಡ ಒಳಕ್ಕೆ ಹೋದರೆ ತಲೆ ಹೊರಕ್ಕೆ ವಾಲಿದ ಹಾಗೆ, ಕ್ಯಾಂಬರ್ ಪ್ಲಸ್ ಕಡೆಗೆ. ಪ್ಲಸ್ ಜಾಸ್ತಿ ಇರುವ ಕಡೆಗೆ ಕಾರು ಎಳೆಯುತ್ತದೆ. ಹಿಂದಕ್ಕೆ ಹೋದದ್ದರಿಂದ ಕ್ಯಾಸ್ಟರ್ ಕಡಿಮೆ, ಅದೂ ಕಾರನ್ನು ಅದೇ ಕಡೆಗೆ ಎಳೆಯುತ್ತದೆ. ಲೋವರ್ ಆರ್ಮ್ ಹೊಸದು ಹಾಕಿ ಮತ್ತೆ ಅಲೈನ್‌ಮೆಂಟ್ ಮಾಡಿದ ಮೇಲೆ ಕೆಂಪು ಹೋಯಿತು. ಹಳೇ ಆರ್ಮನ್ನು ಕಾಯಿಸಿ ಬಡಿದು ನೇರ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ, ದಯವಿಟ್ಟು ಒಪ್ಪಬೇಡಿ. ಕಾಯಿಸಿದ ಲೋಹ ಮೊದಲಿನ ಗಟ್ಟಿತನ ಕಳೆದುಕೊಂಡಿರಬಹುದು, ಮತ್ತು ಅದು ನಿಮ್ಮ ಚಕ್ರವನ್ನು ಹಿಡಿದಿರುವ ಭಾಗ.

ಲಕ್ಷಣ ನೋಡಿ ಊಹಿಸಲೂ ಒಂದಷ್ಟು ದಾರಿ ಇದೆ. ಸ್ಟೇರಿಂಗ್ ಓರೆ, ಆದರೆ ಕಾರು ನೇರ ಹೋಗುತ್ತದೆ, ಎಳೆಯುವುದಿಲ್ಲ ಅಂದರೆ ಮೊದಲ ಅನುಮಾನ ಟೈ ರಾಡ್ ಮೇಲೆ. ಎಳೆಯುತ್ತಿದ್ದರೆ ಮೊದಲು ಗಾಳಿ ನೋಡಿ, ಆಮೇಲೆ ಕ್ಯಾಂಬರ್, ಕ್ಯಾಸ್ಟರ್. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುವುದರಿಂದ ಒಳ್ಳೇ ಕಾರೂ ಸ್ವಲ್ಪ ಎಡಕ್ಕೆ ಜರುಗುತ್ತದೆ. ಹಾಗಾಗಿ ಖಾಲಿ, ಸಮತಟ್ಟು ಜಾಗದಲ್ಲೇ ಪರೀಕ್ಷೆ ಮಾಡಿ. ಮುಂದಿನ ಎರಡು ಟಯರ್ ಅದಲುಬದಲು ಮಾಡಿದಾಗ ಎಳೆತ ಇನ್ನೊಂದು ಕಡೆಗೆ ಹೋದರೆ ದೋಷ ಟಯರಿನದು (ಒಂದೇ ದಿಕ್ಕಿಗೆ ತಿರುಗುವ ಟಯರ್ ಆದರೆ ಹೀಗೆ ಮಾಡಬೇಡಿ). 80ರಿಂದ 100ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತಿದ್ದರೆ ರಿಮ್ ಡೊಂಕಾಗಿದೆಯಾ, ಬ್ಯಾಲೆನ್ಸಿಂಗ್ ತೂಕ ಬಿದ್ದುಹೋಗಿದೆಯಾ ನೋಡಿ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡುವುದು; ಅದು ಬೇರೆ, ಅಲೈನ್‌ಮೆಂಟ್ ಬೇರೆ. ಅಂಗಡಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿ ಹೇಳಿ ಒಂದೇ ಅನ್ನುವ ಹಾಗೆ ಆಗಿಬಿಟ್ಟಿದೆ.

ಹಿಂದಿನ ಚಕ್ರ ಗುದ್ದಿದ್ದರೆ ಕಥೆ ಬೇರೆ. ಹಿಂದಿನ ಆಕ್ಸಲ್ ಒಂದಿಷ್ಟು ತಿರುಗಿದರೂ ಕಾರಿನ ಹಿಂಭಾಗ ಒಂದು ಪಕ್ಕಕ್ಕೆ ಸರಿದು ಓರೆಯಾಗಿ ಓಡುತ್ತದೆ. ಒಳಗೆ ಕೂತವರಿಗೆ ಕಾಣುವುದು ಸ್ಟೇರಿಂಗ್ ಓರೆ ಮಾತ್ರ, ಹಿಂದೆ ಬರುವವರಿಗೆ ಪೂರ್ತಿ ಕಾಣುತ್ತದೆ. ಅದಕ್ಕೇ ನಾಲ್ಕೂ ಚಕ್ರ ಅಳೆಯಲು ಹೇಳಿ, ಕೆಲಸಕ್ಕೆ ಮುಂಚಿನ ಪ್ರಿಂಟ್, ಆಮೇಲಿನ ಪ್ರಿಂಟ್ ಎರಡನ್ನೂ ಕೇಳಿ ತೆಗೆದುಕೊಳ್ಳಿ.

ಇದೆಲ್ಲ ಒಂದೆರಡು ದಿನ ಬಿಟ್ಟು ಮಾಡಿದರೂ ನಡೆಯುತ್ತದೆ, ಕಾರು ನೆಟ್ಟಗೆ ಓಡುತ್ತಿದ್ದು, ಕಟಕಟ ಸದ್ದು ಇಲ್ಲ, ಸ್ಟೇರಿಂಗ್ ಬಿಗಿಯಾಗಿಲ್ಲ ಅಂದರೆ. ತಡ ಮಾಡಬಾರದ್ದು ಒಂದಿದೆ. ಗುದ್ದಿದ ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಆ ಟಯರಿನ ಎರಡೂ ಪಕ್ಕೆಗಳನ್ನು ಮೊಬೈಲ್ ಲೈಟಿನಲ್ಲಿ ನೋಡಿ. ನಿಂಬೆಹಣ್ಣಿನ ಹಾಗೆ ಎಲ್ಲಾದರೂ ಉಬ್ಬಿದ್ದರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಯಾವಾಗ ಬೇಕಾದರೂ ಒಡೆಯಬಹುದು. ಅಲ್ಲೇ ಸ್ಟೆಪ್ನಿ ಹಾಕಿ, ನಿಧಾನಕ್ಕೆ ಮನೆಗೆ ಹೋಗಿ.