ಸ್ಟಾಕ್‌ಹೋಮ್‌ನಲ್ಲಿ ಜೇಬಿಗೆ ಕತ್ತರಿ ಬೀಳದೆ ಒಳ್ಳೆಯ ಊಟ ಮಾಡುವುದು ಹೇಗೆ?

ಪ್ರಶ್ನೆ: ಜೂನ್‌ನಲ್ಲಿ ನಾವು ನಾಲ್ವರು ಒಂದು ವಾರ ಸ್ಟಾಕ್‌ಹೋಮ್‌ಗೆ ಹೋಗುತ್ತಿದ್ದೇವೆ. ಇಬ್ಬರು ಸಸ್ಯಾಹಾರಿಗಳು. ಅಲ್ಲಿನ ರೆಸ್ಟೋರೆಂಟ್ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಜಾಗ ಹುಡುಕುವುದು ಹೇಗೆ? ಇಲ್ಲ, ವಾರವಿಡೀ ಸೂಪರ್‌ಮಾರ್ಕೆಟ್ ಬ್ರೆಡ್ಡೇ ಗತಿಯಾ?

ಉತ್ತರ: ಖಂಡಿತ ಇಲ್ಲ. ಸ್ಟಾಕ್‌ಹೋಮ್‌ನಲ್ಲಿ ಚೆನ್ನಾಗಿ ತಿನ್ನಬಹುದು. ಆದರೆ ಎಲ್ಲಿ ಅನ್ನುವುದಕ್ಕಿಂತ ಮೊದಲು ಎಷ್ಟು ಹೊತ್ತಿಗೆ ಅಂತ ಯೋಚಿಸಿ. ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ರಾತ್ರಿ ಹಗುರವಾಗಿ ಮುಗಿಸಿ. ಅರ್ಧ ಸಮಸ್ಯೆ ಅಲ್ಲೇ ಕಳೆಯಿತು.

ಕಾರಣ ಇದು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿನ ಬಹಳಷ್ಟು ರೆಸ್ಟೋರೆಂಟ್‌ಗಳು ಆಫೀಸಿನವರಿಗಾಗಿ ದಿನದ ಊಟ ಮಾಡುತ್ತವೆ. ಬಾಗಿಲಲ್ಲಿ ‘ಡಾಗೆನ್ಸ್ ಲಂಚ್’ ಅಥವಾ ‘ಡಾಗೆನ್ಸ್ ರೆಟ್’ ಅಂತ ಬೋರ್ಡ್ ಇರುತ್ತದೆ. ಸಾಮಾನ್ಯವಾಗಿ 130ರಿಂದ 170 ಕ್ರೋನಾ. ಒಂದು ಕ್ರೋನಾ ಎಂದರೆ ಹೆಚ್ಚುಕಡಿಮೆ 8ರಿಂದ 10 ರೂಪಾಯಿ. ನಮ್ಮ ಲೆಕ್ಕದಲ್ಲಿ ಇದೂ ಜಾಸ್ತಿಯೇ, ನಿಜ. ಆದರೆ ಆ ದುಡ್ಡಿಗೆ ಬಿಸಿ ಊಟದ ಜೊತೆ ಸಲಾಡ್, ಬ್ರೆಡ್, ಬೆಣ್ಣೆ, ಕೊನೆಗೆ ಕಾಫಿ ಎಲ್ಲವೂ ಸೇರಿರುತ್ತದೆ. ಸಲಾಡ್ ನೀವೇ ಬಡಿಸಿಕೊಳ್ಳುವುದು. ಅದೇ ಜಾಗಕ್ಕೆ ಸಂಜೆ ಹೋದರೆ ಒಂದು ಮುಖ್ಯ ತಿನಿಸಿಗೇ 220ರಿಂದ 350 ಕ್ರೋನಾ ಆಗಬಹುದು. ಸಲಾಡ್, ಕಾಫಿಗೆ ಮತ್ತೆ ಬೇರೆ ದುಡ್ಡು.

ಇದನ್ನು ಪ್ರವಾಸಿಗರಿಗೆ ಕೊಡುವ ರಿಯಾಯಿತಿ ಅಂದುಕೊಳ್ಳಬೇಡಿ. ಸ್ವೀಡನ್ನಿನವರಿಗೆ ಮಧ್ಯಾಹ್ನ ಬಿಸಿ ಊಟ ಬೇಕೇ ಬೇಕು. ಅಲ್ಲಿ ಶಾಲೆಯ ಮಕ್ಕಳಿಗೆಲ್ಲ ಬಿಸಿಯೂಟ ಉಚಿತ. ಬಡವರ ಮಕ್ಕಳಿಗೆ ಮಾತ್ರ ಅಂತೇನಿಲ್ಲ, ಎಲ್ಲರಿಗೂ. ಹಾಗೆ ಬೆಳೆದವರು ಕೆಲಸಕ್ಕೆ ಸೇರಿದ ಮೇಲೂ ಅದನ್ನೇ ಬಯಸುತ್ತಾರೆ. ದಿನಾ ಬರುವ ಗಿರಾಕಿಗೆ ಕಳಪೆ ಊಟ ಹಾಕಿ ಅಂಗಡಿ ನಡೆಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಈ ಊಟದ ಮೇಲೆ ನನಗೆ ನಂಬಿಕೆ.

ಸಮಯ ಮಾತ್ರ ತಪ್ಪಬಾರದು. ಹನ್ನೊಂದಕ್ಕೆ ಶುರು, ಎರಡಕ್ಕೆ ಮುಗೀತು. ಹನ್ನೊಂದೂವರೆಗೆಲ್ಲ ಕ್ಯೂ ಕಾಣಿಸುತ್ತದೆ. ಕೊರಳಲ್ಲಿ ಆಫೀಸ್ ಗುರುತಿನ ಚೀಟಿ ನೇತುಹಾಕಿಕೊಂಡವರು ಎಲ್ಲಿ ನಿಂತಿದ್ದಾರೋ ಅಲ್ಲಿ ನೀವೂ ನಿಲ್ಲಿ. ಯಾವ ರೇಟಿಂಗ್‌ಗಿಂತ ಅದು ಒಳ್ಳೆಯ ಗುರುತು. ಮೊದಲೇ ನೋಡಿಕೊಳ್ಳಬೇಕು ಎಂದರೆ ‘ಕ್ವಾರ್ಟರ್ಸ್‌ಮೆನ್ಯುನ್’ ಎಂಬ ಸ್ವೀಡಿಷ್ ವೆಬ್‌ಸೈಟ್ ಇದೆ. ಬಡಾವಣೆವಾರು ಮಧ್ಯಾಹ್ನದ ಊಟದ ಪಟ್ಟಿ ಅದರಲ್ಲಿ ಸಿಗುತ್ತದೆ. ಭಾಷೆ ಸ್ವೀಡಿಷ್, ಫೋನ್‌ನಲ್ಲೇ ಅನುವಾದ ಮಾಡಿಕೊಳ್ಳಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಹೆಚ್ಚಿನ ಕಡೆ ದಿನಕ್ಕೊಂದು ‘ವೆಗೆಟಾರಿಸ್ಕ್’ ಅಡುಗೆ ಇದ್ದೇ ಇರುತ್ತದೆ. ಗುರುವಾರ ಮಾತ್ರ ಸ್ವಲ್ಪ ಹುಷಾರು. ಅವತ್ತು ಹಳದಿ ಬಟಾಣಿ ಸೂಪು, ಆಮೇಲೆ ಜಾಮ್ ಹಚ್ಚಿದ ಪ್ಯಾನ್‌ಕೇಕ್ ತಿನ್ನುವುದು ಅಲ್ಲಿನ ಹಳೆಯ ರೂಢಿ. ಸೂಪು ನೋಡಲು ನಮ್ಮ ಬೇಳೆಯ ಹಾಗೇ ಇರುತ್ತದೆ, ಆದರೆ ಸಾಮಾನ್ಯವಾಗಿ ಹಂದಿಮಾಂಸ ಹಾಕಿರುತ್ತಾರೆ. ಕೇಳಿಯೇ ತಗೊಳ್ಳಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಸೊಡೆರ್‌ಮಾಲ್ಮ್‌ನ ಫ್ಯೆಲ್‌ಗಾಟನ್ ರಸ್ತೆಯಲ್ಲಿ ‘ಹರ್ಮನ್ಸ್’ ಎಂಬ ಸಸ್ಯಾಹಾರಿ ಬಫೆ ಇದೆ. ತೋಟದಲ್ಲಿ ಕೂತರೆ ಕೆಳಗೆ ನೀರು, ಹಡಗು, ಇಡೀ ಊರು ಕಾಣುತ್ತದೆ. ನಿಮ್ಮ ಮನೆಯ ಇಬ್ಬರಿಗೆ ಅದನ್ನು ತಪ್ಪಿಸಬೇಡಿ. ಅಲ್ಲೂ ಮಧ್ಯಾಹ್ನವೇ ಅಗ್ಗ.

ಮೀನು ತಿನ್ನುವವರಿಗೆ ಸ್ಲುಸ್ಸೆನ್ ಹತ್ತಿರದ ‘ನೀಸ್ಟೆಕ್ಟ್ ಸ್ಟ್ರೆಮಿಂಗ್’ ಗಾಡಿ. ಬಾಲ್ಟಿಕ್ ಸಮುದ್ರದ ಸಣ್ಣ ಮೀನನ್ನು ಹಿಟ್ಟಲ್ಲಿ ಹೊರಳಿಸಿ ಹುರಿದು, ಬ್ರೆಡ್ ಮೇಲೆ ಈರುಳ್ಳಿ ಜೊತೆ ಇಟ್ಟು ಕೊಡುತ್ತಾರೆ. ನಿಂತೇ ತಿನ್ನಬೇಕು, ರುಚಿ ಅದ್ಭುತ. 1888ರ ಓಸ್ಟೆರ್‌ಮಾಲ್ಮ್ಸ್ ಸಾಲುಹಾಲ್ ಎಂಬ ಕೆಂಪು ಇಟ್ಟಿಗೆಯ ಮಾರುಕಟ್ಟೆಯನ್ನೂ ನೋಡಿ. ಅಲ್ಲಿ ಬೆಲೆ ಮಾತ್ರ ದುಬಾರಿ.

ಗಾಮ್ಲಾ ಸ್ಟಾನ್ ಅಂದರೆ ಹಳೇ ಊರು. ಅದರ ಮುಖ್ಯ ಬೀದಿ ವೆಸ್ಟೆರ್‌ಲಾಂಗ್‌ಗಾಟನ್‌ನಲ್ಲಿ ಓಡಾಡಿ, ಫೋಟೋ ತೆಗೆಯಿರಿ. ಊಟಕ್ಕೆ ಬೇರೆ ಕಡೆ ಹೋಗಿ. ತಿಂಡಿಯ ಫೋಟೋ ಹಾಕಿದ ದೊಡ್ಡ ಬೋರ್ಡು, ಐದಾರು ಭಾಷೆಯ ಮೆನು ಕಂಡರೆ ಮುಂದೆ ನಡೆಯಿರಿ. ಅಲ್ಲಿಗೆ ಬರುವವರು ಎರಡನೇ ಸಲ ಬರುವುದಿಲ್ಲ ಅಂತ ಮಾಲೀಕರಿಗೂ ಗೊತ್ತು. ಮೆಟ್ರೋ ಹತ್ತಿ ಊರಿನವರು ವಾಸಿಸುವ ಸೊಡೆರ್‌ಮಾಲ್ಮ್ ಅಥವಾ ವಾಸಾಸ್ಟಾನ್ ಕಡೆ ಹೋದರೆ ಅಷ್ಟೇ ದುಡ್ಡಿಗೆ ಎಷ್ಟೋ ವಾಸಿ.

ಒಂದು ಸಂಜೆ ಮಾತ್ರ ಮನಸ್ಸು ಬಿಚ್ಚಿ ಖರ್ಚು ಮಾಡಿ. ದಿನಾ ರಾತ್ರಿ ಸುಮಾರಾದ ಊಟಕ್ಕೆ ದುಡ್ಡು ಸುರಿಯುವುದಕ್ಕಿಂತ ಇದೇ ಮೇಲು. ಬ್ಲೆಕಿಂಗೆಗಾಟನ್‌ನ ‘ಪೆಲಿಕಾನ್’ ಎತ್ತರದ ಚಾವಣಿಯ ಹಳೆಯ ಬಿಯರ್ ಹಾಲ್. ಅಲ್ಲಿನ ಮೀಟ್‌ಬಾಲ್‌ಗೆ ಹೆಸರಿದೆ. ಹೊಸ ರೀತಿಯ ಅಡುಗೆ ಬೇಕು ಎಂದರೆ ರೆಸ್ಟೋರೆಂಟ್‌ಗಳನ್ನು ಅಳೆದು ಹೇಳುವ ಮಿಶೆಲಿನ್ ಗೈಡ್‌ನ ‘ಬಿಬ್ ಗೂರ್ಮಾಂ’ ಪಟ್ಟಿ ನೋಡಿ. ಅದು ಹಿಡಿತದ ಬೆಲೆಗೆ ಒಳ್ಳೆಯ ಊಟ ಕೊಡುವವರ ಪಟ್ಟಿ. ಟೇಬಲ್ ಮೊದಲೇ ಕಾದಿರಿಸಿ. ಉಳಿದ ರಾತ್ರಿಗಳಿಗೆ ಫಲಾಫೆಲ್ (ಕಡಲೆಯ ವಡೆ) ಇದೆ, ಇಲ್ಲವೇ ಮೊಸರು, ರೈ ಬ್ರೆಡ್, ಚೀಸ್ ತಂದು ರೂಮಲ್ಲೇ ತಿನ್ನಿ.

ಬಿಲ್ ಉಬ್ಬುವುದು ಹೆಚ್ಚಾಗಿ ಮದ್ಯದಿಂದ. ನಲ್ಲಿ ನೀರು ಕೇಳಿ. ಮೇಲಾರನ್ ಸರೋವರದ ನೀರು, ಚೆನ್ನಾಗಿರುತ್ತದೆ, ಸಾಮಾನ್ಯವಾಗಿ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಮೆನುವಿನ ಬೆಲೆಯಲ್ಲೇ ತೆರಿಗೆ ಸೇರಿದೆ. ಟಿಪ್ಸ್ ಕಡ್ಡಾಯವಲ್ಲ. ಕಾರ್ಡ್ ಮಷೀನು ಒಟ್ಟು ಮೊತ್ತ ಹಾಕಿ ಅಂತ ಕೇಳಿದರೆ ಬಿಲ್‌ನಷ್ಟನ್ನೇ ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಕಡೆ ನೋಟು ಮುಟ್ಟುವುದೇ ಇಲ್ಲ, ಕಾರ್ಡ್ ಇರಲೇಬೇಕು.

ಜೂನ್ ಅಂದಿರಿ, ಅದಕ್ಕೆ ಇನ್ನೊಂದು ಮಾತು. 19ರಿಂದ 25ರೊಳಗೆ ಬರುವ ಶುಕ್ರವಾರ ಅವರ ಮಿಡ್‌ಸಮ್ಮರ್ ಹಬ್ಬ. ಊರಿನವರೆಲ್ಲ ಹಳ್ಳಿ, ದ್ವೀಪಗಳ ಕಡೆ ಹೊರಟುಬಿಡುತ್ತಾರೆ. ಅವತ್ತು, ಮರುದಿನ ಬಹಳಷ್ಟು ರೆಸ್ಟೋರೆಂಟ್ ಮುಚ್ಚಿರುತ್ತವೆ. ನಿಮ್ಮ ವಾರದಲ್ಲಿ ಆ ದಿನ ಬಿದ್ದರೆ ಗುರುವಾರವೇ ಎರಡು ದಿನದ ಊಟದ ಸಾಮಾನು ತಂದಿಟ್ಟುಕೊಳ್ಳಿ.