ಮೊದಲು ದೂರ, ಆಮೇಲೆ ಲೆನ್ಸ್

ಶಿಡ್ಲಘಟ್ಟದ ಹತ್ತಿರ ನಮ್ಮೂರು. ಅಲ್ಲಿ ಹುಳುಮನೆಯಲ್ಲಿ ಅಜ್ಜಿ ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದರು. ಕಿಟಕಿಯಿಂದ ಒಂದು ಪಟ್ಟಿ ಬೆಳಕು ಕೆನ್ನೆ ಮೇಲೆ ಬಿದ್ದಿತ್ತು. ಫೋನ್ ಹಿಡಿದು ಹತ್ತಿರ ಹೋಗಿ ಒಂದು ಫೋಟೊ ತೆಗೆದು ತೋರಿಸಿದೆ. ಅಜ್ಜಿ ಕೇಳಿದ್ದು ಒಂದೇ ಮಾತು: "ನನ್ನ ಮೂಗು ಇಷ್ಟು ದಪ್ಪ ಇದೆಯಾ?"

ಇಲ್ಲ, ಖಂಡಿತ ಇಲ್ಲ. ಆದರೂ ಫೋಟೊದಲ್ಲಿ ಮೂಗು ಮುಂದೆ ಬಂದಿತ್ತು, ಓಲೆ ಹಾಕಿದ ಕಿವಿಗಳು ಕೆನ್ನೆ ಹಿಂದೆ ಅಡಗಿಬಿಟ್ಟಿದ್ದವು. ಪೋರ್ಟ್ರೇಟ್‌ಗೆ, ಅಂದರೆ ಮುಖದ ಫೋಟೊಗೆ, ಯಾವ ಲೆನ್ಸ್ ತಗೋಬೇಕು ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಅಜ್ಜಿಯ ಈ ಪ್ರಶ್ನೆಯಿಂದಲೇ.

ಲೆಕ್ಕ ಸುಲಭ. ಫೋನ್ ಮೂಗಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿತ್ತು. ಮೂಗಿನ ತುದಿಗಿಂತ ಕಿವಿ 12 ಸೆಂಟಿಮೀಟರ್ ಹಿಂದಿದೆ ಅಂತಿಟ್ಟುಕೊಳ್ಳಿ. ಅಂದರೆ ಕಿವಿ 42ರಲ್ಲಿ. ದೂರ ಹೆಚ್ಚಿದ ಲೆಕ್ಕದಲ್ಲೇ ವಸ್ತು ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಕಿವಿಯ ಪಕ್ಕ ಇಟ್ಟು ನೋಡಿದರೆ ಮೂಗು ಶೇ. 40ರಷ್ಟು ದೊಡ್ಡದಾಗಿ ಬರುತ್ತದೆ. ಈಗ ಹಿಂದೆ ಸರಿದು 2 ಮೀಟರ್ ದೂರಕ್ಕೆ ಬನ್ನಿ. ಮೂಗು 200ರಲ್ಲಿ, ಕಿವಿ 212ರಲ್ಲಿ. ವ್ಯತ್ಯಾಸ ಬರೀ ಶೇ. 6. ಅದು ನಮಗೆ ಗೊತ್ತಿರುವ ಅಜ್ಜಿಯ ಮುಖ.

ಇಲ್ಲಿ ಲೆನ್ಸ್ ಏನೂ ಮಾಡಲಿಲ್ಲ, ಗಮನಿಸಿದಿರಾ? 85 ಎಂಎಂ ಲೆನ್ಸ್ ಮುಖವನ್ನು ಚೆಂದ ಮಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ (ಎಂಎಂ ಜಾಸ್ತಿಯಾದಷ್ಟೂ ಲೆನ್ಸ್ ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ). ಚೆಂದ ಮಾಡುವುದು ದೂರ. ಅದೇ 2 ಮೀಟರ್‌ನಲ್ಲಿ ನಿಂತು ಫೋನಿನಲ್ಲೇ ತೆಗೆದು, ಮುಖದ ಭಾಗವನ್ನಷ್ಟೇ ಕತ್ತರಿಸಿಕೊಂಡರೂ ಮುಖದ ಅಳತೆ ಹಾಗೇ ಇರುತ್ತದೆ. ಆದರೆ ಉಳಿಯುವ ಪಿಕ್ಸೆಲ್‌ಗಳು ಕಡಿಮೆ, ಅಷ್ಟೇ. ದೂರ ನಿಂತ ನಿಮಗೆ ಮುಖವನ್ನು ಫ್ರೇಮ್ ತುಂಬ ತಂದುಕೊಡುವುದು, ಅದೂ ಪೂರ್ತಿ ವಿವರದ ಜೊತೆ, ಟೆಲಿ, ಅಂದರೆ ಎಂಎಂ ಜಾಸ್ತಿ ಇರುವ, ಲೆನ್ಸಿನ ಕೆಲಸ.

ಹಾಗಾದರೆ ಎಷ್ಟು ದೂರ? ನನ್ನ ಮಟ್ಟಿಗೆ 2 ಮೀಟರ್. ಜಗುಲಿ ಮೇಲೆ ಎದುರುಬದುರು ಕೂತು ಮಾತಾಡುವ ದೂರ ಅದು. ಅದಕ್ಕಿಂತ ತುಂಬ ಹಿಂದೆ ಹೋದರೆ ಮಾತು ಕೂಗಾಗುತ್ತದೆ, ಕೂಗಿಗೆ ಉತ್ತರ ಕೊಡುವ ಮುಖವೇ ಬೇರೆ.

ಈ 2 ಮೀಟರ್‌ನಲ್ಲಿ ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ಹಳೆಯ ಫಿಲಂನಷ್ಟೇ ದೊಡ್ಡದಿರುವ) ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ 85 ಎಂಎಂ ಲೆನ್ಸಿಗೆ ಸುಮಾರು 85 ಸೆಂಟಿಮೀಟರ್ ಎತ್ತರ ಸಿಗುತ್ತದೆ. ತಲೆಯಿಂದ ಸೊಂಟದವರೆಗೆ ಸಾಕು. 135 ಎಂಎಂಗೆ ಸಿಗುವುದು 53 ಸೆಂಟಿಮೀಟರ್, ಅಂದರೆ ತಲೆ ಮತ್ತು ಭುಜ. 85ಕ್ಕೆ ಸಿಕ್ಕಷ್ಟೇ 135ಕ್ಕೂ ಬೇಕಾದರೆ 3.2 ಮೀಟರ್ ದೂರಕ್ಕೆ ಸರಿಯಬೇಕು. ನಮ್ಮ ಮನೆಗಳ ಹತ್ತಡಿ ಕೋಣೆ ಗೋಡೆಯಿಂದ ಗೋಡೆಗೆ 3 ಮೀಟರ್ ಅಷ್ಟೇ, ಅದರಲ್ಲಿ ಕೂತವರು, ಕುರ್ಚಿ, ಕ್ಯಾಮೆರಾ ಹಿಡಿದ ನೀವು ಎಲ್ಲ ಹಿಡಿಸಬೇಕು. ನಿಂತವರ ಪೂರ್ತಿ ಚಿತ್ರ ಬೇಕಾದರೆ 85ಕ್ಕೆ 4 ಮೀಟರ್ ಚಿಲ್ಲರೆ, 135ಕ್ಕೆ ಹತ್ತಿರ ಹತ್ತಿರ 7. ಬೀದಿಗೇ ಇಳಿಯಬೇಕು.

ನಿಮ್ಮದು ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ ಲೆನ್ಸಿನ ಎಂಎಂ ಅನ್ನು ಒಂದೂವರೆಯಿಂದ ಗುಣಿಸಿ. ಅಲ್ಲಿ 85 ಹಾಕಿದರೆ 128ರ ಹಾಗೆ ಇಕ್ಕಟ್ಟಾಗುತ್ತದೆ, 50 ಎಂಎಂ 75ರ ಹಾಗೆ ಕೆಲಸ ಮಾಡುತ್ತದೆ. ಮನೆಯೊಳಗೆ ಆ 50 ಧಾರಾಳ ಸಾಕು, ಬೆಲೆಯೂ ಕಡಿಮೆ.

ಇನ್ನು ಪ್ರೈಮ್, ಅಂದರೆ ಜೂಮ್ ಆಗದ ಒಂದೇ ಎಂಎಂನ ಲೆನ್ಸ್, ಯಾಕೆ? ಜೂಮ್ ಯಾಕಲ್ಲ? ಬೆಳಕು. ಕ್ಯಾಮೆರಾ ಜೊತೆ ಬರುವ ಮಾಮೂಲಿ ಜೂಮ್ ಪೂರ್ತಿ ಎಳೆದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ (ಎಫ್ ನಂಬರ್ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಎಫ್ 1.8 ಪ್ರೈಮ್ ಅದರ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮಬ್ಬುಗತ್ತಲ ಹುಳುಮನೆಯಲ್ಲಿ ಕೈ ಅಲುಗದ ಫೋಟೊಗೂ ಅಲುಗಿದ ಫೋಟೊಗೂ ಇರುವ ಅಂತರ ಅದೇ. ಪೋರ್ಟ್ರೇಟ್ ಲೆನ್ಸ್ ಹುಟ್ಟಿದ್ದೂ ಬೆಳಕಿನ ಬರದಿಂದಲೇ. 1839ರಲ್ಲಿ ಡಾಗೇರ್ ಅವರ ಫೋಟೊ ತೆಗೆಯುವ ವಿಧಾನ ಬಹಿರಂಗವಾದಾಗ ಜನ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ಮರುವರ್ಷವೇ ವಿಯೆನ್ನಾದಲ್ಲಿ ಜೋಸೆಫ್ ಪೆಟ್ಜ್‌ವಾಲ್ ಎಂಬ ಗಣಿತಜ್ಞರು ಲೆಕ್ಕ ಹಾಕಿ ಸುಮಾರು ಎಫ್ 3.6ರ ಲೆನ್ಸ್ ರೂಪಿಸಿದರು. ಅದನ್ನು ತಯಾರಿಸಿದ್ದು ಫೋಕ್ಟ್‌ಲೆಂಡರ್ ಕಂಪನಿ. ಕೂರುವ ಹೊತ್ತು ಒಮ್ಮೆಗೇ ಇಳಿಯಿತು.

ಹಿಂದಿನ ದೃಶ್ಯ ಮಸುಕಾಗುವುದರ ಹಿಂದೆ ನನಗೆ ತುಂಬ ಇಷ್ಟವಾದ ಒಂದು ಲೆಕ್ಕ ಇದೆ. 85ನ್ನು 1.8ರಿಂದ ಭಾಗಿಸಿ. 47 ಬರುತ್ತದೆ. ಲೆನ್ಸಿನ ಮುಂದಿನಿಂದ ಇಣುಕಿದರೆ ಕಾಣುವ ಬೆಳಕಿನ ಬಾಗಿಲಿನ ಅಗಲ ಅದು, ಮಿಲಿಮೀಟರ್‌ಗಳಲ್ಲಿ. ಈಗ ಅಜ್ಜಿಯ ಹಿಂದೆ ಬಹಳ ದೂರದಲ್ಲಿ ಜಾತ್ರೆಯ ಒಂದು ಬಲ್ಬ್ ಉರಿಯುತ್ತಿದೆ ಅನ್ನಿ. ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದರೆ ಆ ಬಲ್ಬ್ ಒಂದು ದುಂಡನೆ ಬೆಳಕಿನ ಬಿಲ್ಲೆಯಾಗುತ್ತದೆ. ಆ ಬಿಲ್ಲೆಯನ್ನು ಅಜ್ಜಿಯ ಮುಖದ ಪಕ್ಕ ಅಳೆದರೆ ಸರಿಯಾಗಿ ಅದೇ 47 ಮಿಲಿಮೀಟರ್! ಕಣ್ಣು ಸುಮಾರು 30, ಅಂದರೆ ಬಲ್ಬ್ ಕಣ್ಣಿಗಿಂತ ದೊಡ್ಡದು. 50 ಎಂಎಂ ಎಫ್ 1.8ಕ್ಕೆ 28, 135 ಎಂಎಂ ಎಫ್ 1.8ಕ್ಕೆ 75. ಸುಮ್ನೆ ಎಫ್ ನಂಬರ್ ಒಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹಾಗಂತ ಎಫ್ 1.4, 1.2 ಅಂತ ಓಡಬೇಡಿ. ಫುಲ್ ಫ್ರೇಮ್‌ನಲ್ಲಿ 85 ಎಂಎಂ ಎಫ್ 1.8, 2 ಮೀಟರ್ ದೂರ ಇದ್ದಾಗ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. ಕಣ್ಣು ಚೂಪಾಗಿದ್ದರೆ ಕಿವಿ ಆಗಲೇ ಕರಗಿರುತ್ತದೆ. ಇನ್ನೂ ಕಡಿಮೆ ಯಾಕೆ ಬೇಕು? ತೂಕವನ್ನೂ ನೋಡಿ. ಸೋನಿಯ 85 ಎಂಎಂ ಎಫ್ 1.8 ಸುಮಾರು 370 ಗ್ರಾಂ, ಅದೇ ಕಂಪನಿಯ 2016ರ ಎಫ್ 1.4 ಲೆನ್ಸ್ 820 ಗ್ರಾಂ ಆಸುಪಾಸು. ನಾನು ಅಜ್ಜಿಯನ್ನು ಎಫ್ 2.8ರಲ್ಲಿ ತೆಗೆದೆ. ಕಿಟಕಿಗೆ ಎದುರಾಗಿ ಎಫ್ 1.8ರಲ್ಲಿ ತೆಗೆದಾಗ ಬಿಳಿ ಕೂದಲಿನ ಅಂಚಿಗೆ ನೇರಳೆ ಗೆರೆ ಹತ್ತಿತ್ತು. 2.8ಕ್ಕೆ ಇಳಿಸಿದ ಮೇಲೆ ಅದು ಹೆಚ್ಚೂಕಡಿಮೆ ಮಾಯವಾಯಿತು, ಬೇಸರಿಯ ಕಲ್ಲಿನಿಂದ ಕಣ್ಣಿನ ಸುತ್ತಲ ಸುಕ್ಕಿನವರೆಗೆ ಎಲ್ಲವೂ ಬಂತು, ಎರಡೂ ಓಲೆಗಳು ಕಂಡವು. ಗೂಡಿನ ರೇಟು ಹೇಳುತ್ತಾ ಹೇಳುತ್ತಾ ಇದ್ದ ಮುಖ ಅದು.

135 ಬೇಡವೇ ಬೇಡ ಅಂತಲ್ಲ. ನಂದಿ ಗ್ರಾಮದ ಹೊರಗೆ ಹೊಲದಲ್ಲಿ ಒಬ್ಬರನ್ನು ನಿಲ್ಲಿಸಿ, ಹಿಂದೆ ನಂದಿಬೆಟ್ಟ ಬರಬೇಕು ಅಂದುಕೊಳ್ಳಿ. ನೀವು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಆ ವ್ಯಕ್ತಿ ಚಿಕ್ಕವರಾಗುತ್ತಾರೆ. ಬೆಟ್ಟ ಆಗುವುದಿಲ್ಲ, ಅದಕ್ಕೆ ನಾಲ್ಕು ಹೆಜ್ಜೆ ಯಾವ ಲೆಕ್ಕ! ಆಮೇಲೆ ಉದ್ದದ ಲೆನ್ಸ್ ಇಬ್ಬರನ್ನೂ ಒಟ್ಟಿಗೆ ದೊಡ್ಡದು ಮಾಡಿದಾಗ ಬೆಟ್ಟ ಎದ್ದು ಹೆಗಲ ಮೇಲೆ ಬಂದು ನಿಲ್ಲುತ್ತದೆ. ಬಯಲಿನಲ್ಲಿ ಜಾಸ್ತಿ ತೆಗೆಯುವವರು 135 ತಗೊಳ್ಳಿ, ಸಂತೋಷ. ಮುಖದ ಅಳತೆಯಲ್ಲಿ ಮಾತ್ರ 85ಕ್ಕೂ ಅದಕ್ಕೂ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇಲ್ಲ.

ಇನ್ನೊಂದು ವಿಷಯ. ಹೆಚ್ಚಿನ 85 ಎಂಎಂ ಲೆನ್ಸ್‌ಗಳು 80 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಅಜ್ಜಿಯ ಬೆರಳ ತುದಿಯ ಹುಳು ಫ್ರೇಮ್ ತುಂಬ ಬೇಕು ಅಂದರೆ ಅದಕ್ಕೆ ಮ್ಯಾಕ್ರೊ ಲೆನ್ಸೇ ಆಗಬೇಕು.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಸ್ನೇಹಿತರ ಹತ್ತಿರ 70-300ರಂಥ ಜೂಮ್ ಇದ್ದರೆ ಒಂದು ವಾರ ಕೇಳಿ ತನ್ನಿ. ಅದನ್ನು 85ಕ್ಕೆ ತಿರುಗಿಸಿ, ಅಲ್ಲಾಡದಂತೆ ಟೇಪ್ ಸುತ್ತಿ, ಮನೆಯವರನ್ನು ಕಿಟಕಿ ಪಕ್ಕ ಕೂರಿಸಿ. ನೆಲದ ಮೇಲೆ 2 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಲ್ಲಿಂದ ತೆಗೆಯಿರಿ. ಮೂರು ದಿನ ಆದ ಮೇಲೆ ಟೇಪ್ ಬಿಚ್ಚಿ, 135ಕ್ಕೆ ಇಟ್ಟು ಅದೇ ಕೋಣೆಯಲ್ಲಿ ಅದೇ ಫೋಟೊಗೆ ನಿಲ್ಲಿ. ಬೆನ್ನು ಗೋಡೆಗೆ ತಾಗುತ್ತದಾ, ನೋಡಿ.