ಪದ ಪರಿಚಯ: ಸಂಬಂಧಿತ ಮಾರುಕಟ್ಟೆ

ಎರಡು ಕಂಪನಿಗಳು ಒಂದಾಗಲು ಹೊರಟಾಗ ನಿಯಂತ್ರಕರ ಮೇಜಿನ ಮೇಲೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ: ಇವರ ಪೈಪೋಟಿ ನಿಜವಾಗಿ ಯಾರೊಂದಿಗೆ? ಬೆಲೆ ಏರಿದರೆ ಗ್ರಾಹಕ ಬಿಟ್ಟುಹೋಗಿ ಸೇರಬಹುದಾದ ಸರಕು-ಸೇವೆಗಳು ಯಾವುವು, ಅವು ಎಲ್ಲೆಲ್ಲಿ ಸಿಗುತ್ತವೆ ಎಂದು ನೋಡಿ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯೊಳಗಿನದೇ ಸಂಬಂಧಿತ ಮಾರುಕಟ್ಟೆ. ನಮ್ಮ 2002ರ ಸ್ಪರ್ಧಾ ಕಾಯ್ದೆಯೂ ಇದನ್ನು ಸರಕಿನ ಮಾರುಕಟ್ಟೆ, ಭೌಗೋಳಿಕ ಮಾರುಕಟ್ಟೆ ಎಂದು ಎರಡು ಕಡೆಯಿಂದ ನೋಡುತ್ತದೆ. ಪಾಲು ಎಷ್ಟು, ಏಕಸ್ವಾಮ್ಯ ಹೌದೋ ಅಲ್ಲವೋ ಎಂಬ ಲೆಕ್ಕವೆಲ್ಲ ಆಮೇಲಿನದು. ಗೆರೆ ಎಲ್ಲಿ ಬೀಳುತ್ತದೆ ಎಂಬುದರಲ್ಲೇ ಅರ್ಧ ತೀರ್ಪು ಬಂದುಬಿಟ್ಟಿರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಉಪಗ್ರಹ ರೇಡಿಯೊ ಕಂಪನಿಗಳಾದ ಸಿರಿಯಸ್ ಮತ್ತು ಎಕ್ಸ್‌ಎಂ ವಿಲೀನದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 1997ರಲ್ಲಿ ಉಪಗ್ರಹ ರೇಡಿಯೊಗೆ ಎರಡೇ ಪರವಾನಗಿಗಳನ್ನು ಹರಾಜು ಹಾಕಿತು. ಮುಂದೆ ಸಿರಿಯಸ್ ಆದ ಸಿಡಿ ರೇಡಿಯೊ 8.33 ಕೋಟಿ ಡಾಲರ್ ಕೊಟ್ಟಿತು, ಎಕ್ಸ್‌ಎಂ ಆದ ಕಂಪನಿ 8.99 ಕೋಟಿ. ಇಬ್ಬರಿಗೂ ತಲಾ 12.5 ಮೆಗಾಹರ್ಟ್ಸ್ ತರಂಗಾಂತರ. ಒಬ್ಬರು ಇನ್ನೊಬ್ಬರನ್ನು ಕೊಳ್ಳುವಂತಿಲ್ಲ ಎಂದು ಆಯೋಗ ಆಗಲೇ ಬರೆದಿಟ್ಟಿತ್ತು. ಎಕ್ಸ್‌ಎಂ 2001ರಲ್ಲಿ, ಸಿರಿಯಸ್ 2002ರಲ್ಲಿ ಪ್ರಸಾರ ಶುರು ಮಾಡಿದವು.

ಎಕ್ಸ್‌ಎಂ ಎರಡು ಭೂಸ್ಥಿರ ಉಪಗ್ರಹಗಳನ್ನು ನೆಚ್ಚಿಕೊಂಡಿತು. ಅವು ಸಮಭಾಜಕದ ಮೇಲಿರುವುದರಿಂದ ಉತ್ತರ ಅಮೆರಿಕದಲ್ಲಿ ದಕ್ಷಿಣದ ಆಕಾಶದಲ್ಲಿ ತಗ್ಗಾಗಿ ಕಾಣುತ್ತವೆ. ನಗರಗಳಲ್ಲಿ ಕಟ್ಟಡಗಳು ಅಡ್ಡ ಬರುತ್ತವೆ, ಹಾಗಾಗಿ ನೆಲದ ಮೇಲೆ ನೂರಾರು ಮರುಪ್ರಸಾರ ಗೋಪುರಗಳು ಬೇಕಾದವು. ಸಿರಿಯಸ್ ಮೂರು ಉಪಗ್ರಹಗಳನ್ನು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಸುತ್ತಿಸಿತು. ಅವು ಸರದಿಯಂತೆ ಕೇಳುಗರ ನೆತ್ತಿಯ ಹತ್ತಿರ ಬರುವುದರಿಂದ ಗೋಪುರಗಳು ಕಡಿಮೆ ಸಾಕಾದವು. ಧ್ವನಿಯನ್ನು ಕುಗ್ಗಿಸುವ ವಿಧಾನವೂ ಬೇರೆ ಬೇರೆ. ಪರಿಣಾಮ, ಎಕ್ಸ್‌ಎಂ ಸೆಟ್ಟಿನಲ್ಲಿ ಸಿರಿಯಸ್ ಹಿಡಿಯುತ್ತಿರಲಿಲ್ಲ, ಸಿರಿಯಸ್ ಸೆಟ್ಟಿನಲ್ಲಿ ಎಕ್ಸ್‌ಎಂ ಬರುತ್ತಿರಲಿಲ್ಲ. ಎರಡನ್ನೂ ಹಿಡಿಯುವ ಸೆಟ್ಟಿನ ವಿನ್ಯಾಸ ಇರಬೇಕು ಎಂದು ಆಯೋಗದ ನಿಯಮವೇನೋ ಇತ್ತು. ವಿಲೀನಕ್ಕೆ ಮುಂಚೆ ಅಂಥ ಸೆಟ್ಟು ಅಂಗಡಿಗೆ ಬರಲಿಲ್ಲ.

ಆಮೇಲೆ ಹಣದ ಜಿದ್ದಾಜಿದ್ದಿ. ರೇಡಿಯೊ ಮಾತುಗಾರ ಹೋವರ್ಡ್ ಸ್ಟರ್ನ್‌ಗೆ ಸಿರಿಯಸ್ ಐದು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್‌ಗಳ ಒಪ್ಪಂದ ಬರೆದುಕೊಟ್ಟರೆ, ಬೇಸ್‌ಬಾಲ್ ಪ್ರಸಾರಕ್ಕೆ ಎಕ್ಸ್‌ಎಂ 11 ವರ್ಷಕ್ಕೆ 65 ಕೋಟಿ ಒಪ್ಪಿಕೊಂಡಿತು. ಕಾರು ಕಂಪನಿಗಳೂ ಹಂಚಿಹೋದವು: ಜನರಲ್ ಮೋಟರ್ಸ್, ಹೋಂಡಾ ಎಕ್ಸ್‌ಎಂ ಕಡೆ, ಫೋರ್ಡ್, ಕ್ರೈಸ್ಲರ್ ಸಿರಿಯಸ್ ಕಡೆ. 2006ರ ಕೊನೆಗೆ ಎಕ್ಸ್‌ಎಂಗೆ 76 ಲಕ್ಷ, ಸಿರಿಯಸ್‌ಗೆ 60 ಲಕ್ಷ ಚಂದಾದಾರರು. ಲಾಭದ ಮುಖ ಯಾರೂ ಕಂಡಿರಲಿಲ್ಲ. 2007ರ ಫೆಬ್ರುವರಿ 19ರಂದು ವಿಲೀನದ ಘೋಷಣೆ ಹೊರಬಿತ್ತು.

ಈಗ ಗೆರೆ ಎಳೆಯೋಣ. ಮಾರುಕಟ್ಟೆ ಎಂದರೆ ಉಪಗ್ರಹ ರೇಡಿಯೊ ಮಾತ್ರ ಎಂದಿಟ್ಟುಕೊಂಡರೆ ಪಾಲು ಶೇ 56 ಮತ್ತು ಶೇ 44. ಸಾಂದ್ರತೆ ಅಳೆಯಲು ಪ್ರತಿ ಪಾಲನ್ನು ಅದರಿಂದಲೇ ಗುಣಿಸಿ ಕೂಡುತ್ತಾರೆ: 3136 ಮತ್ತು 1936, ಒಟ್ಟು 5072. ವಿಲೀನದ ನಂತರ ಅದು 10,000, ಅಂದರೆ ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ. ಕಾರಿನಲ್ಲಿ ಕೇಳುವ ಎಲ್ಲವೂ, ಅಂದರೆ ಎಫ್‌ಎಂ, ಸಿಡಿ, ಐಪಾಡ್, ಒಂದೇ ಮಾರುಕಟ್ಟೆ ಎಂದರೆ ಇಬ್ಬರನ್ನೂ ಕೂಡಿಸಿದರೂ ಪುಟ್ಟ ಪಾಲು. ಅದೇ ಕಂಪನಿಗಳು, ಅದೇ ಚಂದಾದಾರರು. ಉತ್ತರ ಮಾತ್ರ ತದ್ವಿರುದ್ಧ.

ಹಾಗಾದರೆ ಗೆರೆಯನ್ನು ಮನಸ್ಸಿಗೆ ಬಂದಂತೆ ಎಳೆಯುತ್ತಾರೆಯೇ? ಇಲ್ಲ, ಅದಕ್ಕೊಂದು ಪರೀಕ್ಷೆ ಇದೆ. ಉಪಗ್ರಹ ರೇಡಿಯೊ ಪೂರ್ತಿ ಒಬ್ಬನ ಕೈಯಲ್ಲಿದೆ ಎಂದು ಕಲ್ಪಿಸಿಕೊಳ್ಳಿ. ಅವನು ಬೆಲೆಯನ್ನು ಸುಮಾರು ಶೇ 5ರಷ್ಟು, ತಾತ್ಕಾಲಿಕವಾಗಿ ಅಲ್ಲದೆ ಖಾಯಂ ಆಗಿ, ಏರಿಸಿದರೆ ಲಾಭವೋ ನಷ್ಟವೋ? ಲಾಭವಾದರೆ ಗೆರೆ ಅಲ್ಲಿಗೇ ನಿಲ್ಲುತ್ತದೆ. ಜನ ಬಿಟ್ಟುಹೋಗಿ ನಷ್ಟವಾದರೆ, ಅವರು ಹೋಗಿ ಸೇರಿದ ಸೇವೆಯನ್ನೂ ಒಳಗೆ ಸೇರಿಸಿಕೊಂಡು ಮತ್ತೆ ಅದೇ ಪ್ರಶ್ನೆ.

ಆಗಿನ ಮಾಸಿಕ ಚಂದಾ 12.95 ಡಾಲರ್. ಶೇ 5 ಎಂದರೆ 65 ಸೆಂಟ್, ಹೊಸ ಬೆಲೆ 13.60. ಒಬ್ಬ ಚಂದಾದಾರ ಬಿಟ್ಟುಹೋದರೆ ಕಂಪನಿಗೆ ತಪ್ಪುವ ಖರ್ಚು ತಿಂಗಳಿಗೆ 5 ಡಾಲರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆ ಖರ್ಚು ಕಳೆದರೆ ಸಾವಿರ ಜನರಿಂದ ಮೊದಲು ಸಿಗುತ್ತಿದ್ದದ್ದು 7,950 ಡಾಲರ್. ಬೆಲೆ ಏರಿದ ಮೇಲೆ ತಲೆಗೆ 8.60. ಹಳೆಯ ಮೊತ್ತ ಕೈಗೆ ಬರಲು 925 ಜನ ಉಳಿದರೆ ಸಾಕು. ಅಂದರೆ ಸಾವಿರಕ್ಕೆ 75 ಜನ ಹೋಗುವವರೆಗೆ ಏರಿಕೆ ಗಿಟ್ಟುತ್ತದೆ, ಅದಕ್ಕಿಂತ ಹೆಚ್ಚು ಹೋದರೆ ಕೈಕಚ್ಚುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಉಪಗ್ರಹ, ಸ್ಟುಡಿಯೊ, ಸ್ಟರ್ನ್‌ಗೆ ಕೊಡುವ ಸಂಭಾವನೆ ಇವೆಲ್ಲ ಕೇಳುಗರು ಎಷ್ಟೇ ಇರಲಿ ಬದಲಾಗದ ಖರ್ಚು. ಒಬ್ಬ ಬಿಟ್ಟುಹೋದರೆ ಉಳಿಯುವುದು ಅಲ್ಪ, ಕಳೆದುಕೊಳ್ಳುವುದೇ ಬಹಳ. ತಪ್ಪುವ ಖರ್ಚನ್ನು 5ರ ಬದಲು 2 ಡಾಲರ್ ಎಂದಿಟ್ಟರೆ ಗಡಿ ಸಾವಿರಕ್ಕೆ 56ಕ್ಕೆ ಇಳಿಯುತ್ತದೆ. ಗಡಿ ಇಳಿದಷ್ಟೂ ಏರಿಕೆಯಿಂದ ನಷ್ಟವಾಗುವ ಸಾಧ್ಯತೆ ಹೆಚ್ಚು, ಗೆರೆ ಅಗಲವಾಗುತ್ತದೆ; ವಿಲೀನದ ಪರ ವಕೀಲರಿಗೆ ಈ ಲೆಕ್ಕ ಇಷ್ಟವಾಗುವುದು ಅದಕ್ಕೇ.

ಪರೀಕ್ಷೆ ತಪ್ಪು ದಾರಿ ಹಿಡಿಯುವುದೂ ಉಂಟು. ಈಗಿನ ಬೆಲೆಯೇ ಆಗಲೇ ಏಕಸ್ವಾಮ್ಯದ ಮಟ್ಟಕ್ಕೆ ಏರಿದ್ದರೆ ಇನ್ನು ಶೇ 5 ಏರಿಸಿದಾಗ ಜನ ಸಹಜವಾಗಿಯೇ ಓಡಿಹೋಗುತ್ತಾರೆ. ಆಗ ಮಾರುಕಟ್ಟೆ ಇರುವುದಕ್ಕಿಂತ ವಿಶಾಲವಾಗಿ ಕಾಣುತ್ತದೆ. 1956ರಲ್ಲಿ ಡುಪಾಂಟ್ ಕಂಪನಿಯ ಸೆಲೋಫೇನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಎಡವಟ್ಟು ಮಾಡಿತು ಎಂಬ ಟೀಕೆ ಇದೆ. ಈ ತಪ್ಪಿಗೆ ಇಂದಿಗೂ ಸೆಲೋಫೇನಿನ ಹೆಸರೇ ಅಂಟಿಕೊಂಡಿದೆ.

2008ರ ಮಾರ್ಚ್ 24ರಂದು ಅಮೆರಿಕದ ನ್ಯಾಯ ಇಲಾಖೆ ತನಿಖೆ ಮುಗಿಸಿತು. ಈ ಎರಡೇ ಕಂಪನಿಗಳಿಗೆ ಸೀಮಿತವಾದ ಮಾರುಕಟ್ಟೆ ಇದೆ ಎನ್ನಲು ಸಾಕ್ಷ್ಯ ಸಾಲದು ಎಂದಿತು. ಅದರ ತರ್ಕದಲ್ಲಿ ಗಟ್ಟಿಯಾದ ಭಾಗ ಬೇರೆಯೇ. ಸೆಟ್ಟು ಒಮ್ಮೆ ಕೊಂಡವರು ಇನ್ನೊಂದು ಕಂಪನಿಗೆ ಹೋಗುವುದೇ ವಿರಳ, ಯಾಕೆಂದರೆ ಸೆಟ್ಟು ಬದಲಿಸಬೇಕು. ಹೊಸ ಚಂದಾದಾರರ ದೊಡ್ಡ ಭಾಗ ಕಾರಿನ ಜೊತೆ ಬರುವವರು, ಆ ಕಾರು ಕಂಪನಿಗಳು ದೀರ್ಘಾವಧಿ ಒಪ್ಪಂದದಲ್ಲಿ ಒಂದೇ ಸೇವೆಗೆ ಬದ್ಧವಾಗಿವೆ. ಹೀಗಿರುವಾಗ ಇಬ್ಬರ ನಡುವೆ ವಿಲೀನದಿಂದ ಸಾಯಬೇಕಾದ ಪೈಪೋಟಿಯೇ ಉಳಿದಿಲ್ಲ! ತಮಾಷೆ ಎಂದರೆ, ಗ್ರಾಹಕರನ್ನು ಕಟ್ಟಿಹಾಕಿದ ಗೋಡೆಯನ್ನು ಕಟ್ಟಿದ್ದು ಕಂಪನಿಗಳೇ. ಕೊನೆಗೆ ಅದೇ ಗೋಡೆ ಅವರ ಪರ ಸಾಕ್ಷಿ ಹೇಳಿತು.

ವಿರೋಧಿಗಳಲ್ಲಿ ಮುಂಚೂಣಿಯಲ್ಲಿದ್ದದ್ದು ಸಾಮಾನ್ಯ ರೇಡಿಯೊ ಕೇಂದ್ರಗಳ ಸಂಘ. ನಮಗೂ ಉಪಗ್ರಹ ರೇಡಿಯೊಗೂ ಮಾರುಕಟ್ಟೆ ಬೇರೆ, ಆದ್ದರಿಂದ ಇದು ಏಕಸ್ವಾಮ್ಯ ಎಂಬುದು ಅವರ ವಾದ. ಬೇರೆಯೇ ಆಗಿದ್ದರೆ ಅಷ್ಟು ಗಾಬರಿ ಯಾಕೆ ಎಂದು ಕೇಳಿದರೆ ಉತ್ತರ ಸುಲಭವಿರಲಿಲ್ಲ.

ಎಫ್‌ಸಿಸಿ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ತೀರಾ ಕೆಟ್ಟದ್ದು, ಅಂದರೆ ಎರಡಿದ್ದದ್ದು ಒಂದಾಗುವ ಮಾರುಕಟ್ಟೆ, ಎಂದೇ ಭಾವಿಸಿ ಷರತ್ತು ಹಾಕಿತು: ಮೂರು ವರ್ಷ ಬೆಲೆ ಏರಿಸುವಂತಿಲ್ಲ, ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿಕೊಳ್ಳುವ ಯೋಜನೆ ಕೊಡಬೇಕು, ಎರಡನ್ನೂ ಹಿಡಿಯುವ ಸೆಟ್ಟು ತರಬೇಕು. ಮೂರು-ಎರಡರ ಮತದಲ್ಲಿ 2008ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಇದೇ ಆಯೋಗ 2002ರಲ್ಲಿ ಎಕೋಸ್ಟಾರ್ ಮತ್ತು ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿಗಳ ವಿಲೀನಕ್ಕೆ ಅಡ್ಡ ನಿಂತಿತ್ತು. ಕೇಬಲ್ ತಲುಪದ ಹಳ್ಳಿಗಳಲ್ಲಿ ಆ ಎರಡು ಬಿಟ್ಟರೆ ಗತಿಯಿರಲಿಲ್ಲ, ಅಲ್ಲಿ ಭೌಗೋಳಿಕ ಗೆರೆ ಕೆಲಸ ಮಾಡಿತು.

ಬೆಲೆಯ ಷರತ್ತಿನಲ್ಲೊಂದು ಕಿಂಡಿ ಇತ್ತು: ಸಂಗೀತದ ರಾಯಧನ ಹೆಚ್ಚಿದರೆ ಅದನ್ನು ಚಂದಾದಾರರ ಮೇಲೆ ಹಾಕಬಹುದು. 2009ರ ಜುಲೈ ಕೊನೆಯಿಂದ ಬಿಲ್ಲಿನಲ್ಲಿ 1.98 ಡಾಲರ್ ಸೇರಿತು, ಶೇ 15ರ ಏರಿಕೆ. ಪರೀಕ್ಷೆಯ ಶೇ 5ಕ್ಕೆ ಮೂರು ಪಟ್ಟು. 2008ರ ಕೊನೆಗೆ 1.90 ಕೋಟಿ ಇದ್ದ ಚಂದಾದಾರರು 2009ರ ಕೊನೆಗೆ 1.88 ಕೋಟಿ, ಮರುವರ್ಷ 2.02 ಕೋಟಿ. ಹಾಗಾದರೆ ಗೆರೆ ಚಿಕ್ಕದೇ ಇತ್ತು ಎನ್ನೋಣವೇ? ಅವಸರ ಬೇಡ. ರಾಯಧನ ಕಂಪನಿಗೂ ಖರ್ಚೇ, ಪರೀಕ್ಷೆಯಾದರೋ ಖರ್ಚು ಬದಲಾಗದೆ ಬೆಲೆಯಷ್ಟೇ ಏರಿದ ಸ್ಥಿತಿಯನ್ನು ನೋಡುತ್ತದೆ. ಜೊತೆಗೆ 2009 ಅಮೆರಿಕದಲ್ಲಿ ಕಾರು ಮಾರಾಟ ನೆಲಕಚ್ಚಿದ ವರ್ಷ. ಯಾರು ಬೆಲೆಗೆ ಹೆದರಿ ಬಿಟ್ಟರು, ಯಾರು ಹೊಸ ಕಾರು ಕೊಳ್ಳದೆ ಬರಲಿಲ್ಲ ಎಂದು ಈ ಒಟ್ಟು ಅಂಕಿಯಿಂದ ಬೇರ್ಪಡಿಸಲಾಗದು.

ಏಕಸ್ವಾಮ್ಯ ಕೈಯಲ್ಲಿದ್ದರೂ ಹಣ ಬರಲಿಲ್ಲ ಎಂಬುದೂ ನಿಜ. ಸಾಲ ತೀರಿಸಲಾಗದೆ 2009ರ ಫೆಬ್ರುವರಿಯಲ್ಲಿ ದಿವಾಳಿಯ ಅಂಚಿಗೆ ಬಂದಾಗ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಟ್ಟು ಶೇ 40ರ ಪಾಲು ಪಡೆಯಿತು.

ನಮ್ಮಲ್ಲೂ ಇದಕ್ಕೊಂದು ಸಾಕ್ಷಿ ಇದೆ. ವರ್ಲ್ಡ್‌ಸ್ಪೇಸ್ ಭಾರತದಲ್ಲಿ ಎದುರಾಳಿಯೇ ಇಲ್ಲದ ಉಪಗ್ರಹ ರೇಡಿಯೊ. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ' ಚಾನೆಲ್‌ಗಳಿದ್ದವು. ಏಷ್ಯಾಸ್ಟಾರ್ ಉಪಗ್ರಹ ಇದ್ದದ್ದು ಪೂರ್ವ ರೇಖಾಂಶ 105ರಲ್ಲಿ. ಬೆಂಗಳೂರಿನಲ್ಲಿ ಪುಟ್ಟ ಆಂಟೆನಾವನ್ನು ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿಸಿ, ಸುಮಾರು 55 ಡಿಗ್ರಿ ಮೇಲಕ್ಕೆ ಮುಖ ಮಾಡಿಡಬೇಕು. ಕಿಟಕಿಗೆ ಆ ದಿಕ್ಕು ಸಿಗದಿದ್ದರೆ ಸದ್ದಿಲ್ಲ. ನೆಲದ ಮರುಪ್ರಸಾರ ಗೋಪುರಗಳಿಲ್ಲದ್ದರಿಂದ ಓಡುವ ಕಾರಿನಲ್ಲಿ ಕೇಳುವ ಮಾತೇ ಇರಲಿಲ್ಲ. ಕಿರಿದಾಗಿ ಗೆರೆ ಎಳೆದರೆ ಅದರ ಪಾಲು ಶೇ 100. ಆದರೆ ಅದರ ಗ್ರಾಹಕನ ಮನೆಯಲ್ಲಿ ಆಕಾಶವಾಣಿ, ಖಾಸಗಿ ಎಫ್‌ಎಂ, ಎಂಪಿ3 ಎಲ್ಲವೂ ಇದ್ದವು, ಹೆಚ್ಚಿನವು ಪುಕ್ಕಟೆ. ಮಾತೃಸಂಸ್ಥೆ 2008ರ ಅಕ್ಟೋಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು.